ಟ್ರೆಪೀಜಿಯಂ ಮತ್ತು ಟ್ರೆಪಿಜಾಯ್ಡ್

ಪ್ರಶ್ನೆ: ‘ಟ್ರೆಪೀಜಿಯಂ’ ಎಂಬ ಇಂಗ್ಲಿಷ್ ಪದದ ಅರ್ಥವೇನು? ಅಮೆರಿಕದ ಪುಸ್ತಕಗಳಲ್ಲಿ ಅದೇ ಆಕೃತಿಯನ್ನು ‘ಟ್ರೆಪಿಜಾಯ್ಡ್’ ಎಂದು ಕರೆಯುವುದೇಕೆ?

ಉತ್ತರ: ಒಂದು ಜೊತೆ ಎದುರು ಬಾಹುಗಳು ಪರಸ್ಪರ ಸಮಾಂತರವಾಗಿರುವ, ಎಂದರೆ ಎಷ್ಟು ದೂರ ಎಳೆದರೂ ಒಂದನ್ನೊಂದು ಸಂಧಿಸದ, ಚತುರ್ಭುಜಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲಿಯೂ ಭಾರತದ ಪಠ್ಯಗಳಲ್ಲಿಯೂ ಟ್ರೆಪೀಜಿಯಂ ಎಂದು ಹೆಸರಿದ್ದು, ಕನ್ನಡದ ಗಣಿತ ಪಠ್ಯಗಳು ಅದನ್ನೇ ‘ತ್ರಾಪಿಜ್ಯ’ ಎನ್ನುತ್ತವೆ. ಈ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ‘ಟ್ರಾಪೆಜಾ’ ಎಂದರೆ ನಾಲ್ಕು ಕಾಲಿನ ಮೇಜು, ‘ಟ್ರಾಪೆಜಿಯೊನ್’ ಎಂದರೆ ಪುಟ್ಟ ಮೇಜು.

ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಈ ಪದವನ್ನು ಚೌಕ, ಆಯತ, ವಜ್ರಾಕೃತಿ ಮತ್ತು ಸಮಾಂತರ ಚತುರ್ಭುಜಗಳನ್ನು ಬಿಟ್ಟು ಉಳಿದೆಲ್ಲ ಚತುರ್ಭುಜಗಳಿಗೆ ಬಳಸಿದ್ದನು. 5ನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಪ್ರೊಕ್ಲಸ್, ಒಂದು ಜೊತೆ ಸಮಾಂತರ ಬಾಹುಗಳಿದ್ದರೆ ಟ್ರೆಪೀಜಿಯಂ ಎಂದೂ, ಯಾವ ಬಾಹುಗಳೂ ಸಮಾಂತರವಲ್ಲದಿದ್ದರೆ ‘ಮೇಜನ್ನು ಹೋಲುವುದು’ ಎಂಬರ್ಥದ ಟ್ರೆಪಿಜಾಯ್ಡ್ ಎಂದೂ ವಿಂಗಡಿಸಿದನು. ಆದರೆ 1795ರಲ್ಲಿ ಬ್ರಿಟಿಷ್ ಗಣಿತಜ್ಞ ಚಾರ್ಲ್ಸ್ ಹಟನ್ ಪ್ರಕಟಿಸಿದ ಗಣಿತ ನಿಘಂಟಿನಲ್ಲಿ ಈ ಎರಡು ಅರ್ಥಗಳು ಅದಲುಬದಲಾದವು. ಬ್ರಿಟನ್ ಮುಂದೆ ಹಳೆಯ ಕ್ರಮಕ್ಕೆ ಮರಳಿದರೂ ಅಮೆರಿಕದಲ್ಲಿ ಹಟನನ ಕ್ರಮವೇ ನೆಲೆಯೂರಿತು.

ಹೆಸರು ಯಾವುದಾದರೂ ಸೂತ್ರ ಒಂದೇ: ಸಮಾಂತರ ಬಾಹುಗಳ ಮೊತ್ತದ ಅರ್ಧವನ್ನು ಅವುಗಳ ನಡುವಿನ ಲಂಬದೂರದಿಂದ ಗುಣಿಸಿದರೆ ವಿಸ್ತೀರ್ಣ ದೊರೆಯುತ್ತದೆ. ಆ ಬಾಹುಗಳು 10 ಮತ್ತು 6 ಮೀಟರ್, ಎತ್ತರ 4 ಮೀಟರ್ ಆಗಿದ್ದರೆ ವಿಸ್ತೀರ್ಣವು 32 ಚದರ ಮೀಟರ್ ಆಗುತ್ತದೆ. ಇದೇ ನಿಯಮವನ್ನು ಆರ್ಯಭಟನು ‘ಆರ್ಯಭಟೀಯ’ದ ಗಣಿತಪಾದದಲ್ಲಿಯೂ ಹೇಳಿದ್ದಾನೆ.

ಮಣಿಕಟ್ಟಿನ ಎಂಟು ಕಿರುಮೂಳೆಗಳಲ್ಲಿ ಅಕ್ಕಪಕ್ಕದ ಎರಡಕ್ಕೆ ಅಂಗರಚನಾಶಾಸ್ತ್ರವು ಟ್ರೆಪೀಜಿಯಂ, ಟ್ರೆಪಿಜಾಯ್ಡ್ ಎಂಬ ಈ ಎರಡು ಹೆಸರುಗಳನ್ನೂ ಇಟ್ಟಿರುವುದು ಗಮನಾರ್ಹ.