ಡೇರೆಯ ಬಟ್ಟೆ ಕಿರಣವನ್ನು ತಡೆಯದು

ಬೆಂಗಳೂರಿನ ಬಾಗಲಗುಂಟೆಗೆ ಅನತಿದೂರದಲ್ಲಿ, ಮೂಡಲ ದಿಕ್ಕಿಗಿರುವ ಜಾಲಹಳ್ಳಿಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಗಳದೇ ಒಂದು ಊರಾಗಿದ್ದಿತೆಂಬುದು, ಇಂದು ಈ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡಿರುವ ಅನೇಕರಿಗೆ ತಿಳಿದಿರಲಾರದು. ಬರ್ಮಾ ರಣರಂಗದಿಂದ ಗಾಯಗೊಂಡೋ ರೋಗಪೀಡಿತರಾಗಿಯೋ ಬಂದ ಸೈನಿಕರಿಗಾಗಿ ಅಲ್ಲಿ ಸಾಲುಸಾಲಾಗಿ ಬ್ಯಾರಕ್ಕುಗಳೆದ್ದವು. ದೇಶ ಸ್ವತಂತ್ರವಾದ ಬಳಿಕ ಅವು ವಾಯುಪಡೆಯ ವಶವಾದುವು. ಅದೇ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1970ರಲ್ಲಿ ಎಕ್ಸ್-ರೇ ಟ್ಯೂಬುಗಳ ತಯಾರಿಕೆಯನ್ನೂ ಕೈಗೊಂಡಿತು. ಯುದ್ಧ, ಚಿಕಿತ್ಸೆ, ಕ್ಷ-ಕಿರಣ ಈ ಮೂರೂ ಇಷ್ಟು ಹತ್ತಿರದಲ್ಲಿ ಸಂಧಿಸಿದ ನೆಲದಲ್ಲಿ ನಿಂತು, ಆ ಕಿರಣಯಂತ್ರದ ಪಕ್ಕದಲ್ಲಿ ದಿನವೂ ನಿಲ್ಲುವವನ ಕ್ಷೇಮವನ್ನು ವಿಚಾರಿಸುವುದು ಅಪ್ರಸ್ತುತವಾಗದು.

ರಾಂಟ್‌ಜೆನ್ ಮಹಾಶಯನು 1895ರ ನವೆಂಬರ್ 8ರಂದು ಈ ಕಿರಣವನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ ವಾಯವ್ಯ ಗಡಿನಾಡಿನ ತಿರಾಹ್ ದಂಡಯಾತ್ರೆಯಲ್ಲಿ ಬೀವರ್ ಎಂಬ ಸೇನಾವೈದ್ಯನು ಇದರ ನೆರವಿನಿಂದ ಸೈನಿಕರ ಮೈಯಲ್ಲಿ ಹುದುಗಿದ ಗುಂಡುಗಳನ್ನು ಹುಡುಕುತ್ತಿದ್ದನು. 1898ರಲ್ಲಿ ಸೂಡಾನಿನ ಮರಳುಗಾಡಿನಲ್ಲಿ ಬ್ಯಾಟರ್ಸ್‌ಬಿ ಎಂಬ ಮತ್ತೊಬ್ಬ ಸೇನಾವೈದ್ಯನು, ಇಬ್ಬರು ತುಳಿಯುವ ಸೈಕಲ್ಲಿನಿಂದ ವಿದ್ಯುತ್ತನ್ನುಂಟುಮಾಡಿ ಯಂತ್ರವನ್ನು ನಡೆಸಿದನು. ಸಾಹಸವೇನೋ ಸ್ತುತ್ಯವೇ, ಆದರೆ ಅಂದಿನ ಕೆಲಸಗಾರರು ಟ್ಯೂಬಿನ ಕಸುವನ್ನು ಪರೀಕ್ಷಿಸಲು ತಮ್ಮ ಕೈಯನ್ನೇ ಪರದೆಯ ಮುಂದೆ ಹಿಡಿದು, ಎಲುಬುಗಳು ಎಷ್ಟು ಸ್ಪಷ್ಟವಾಗಿ ಕಾಣುವುವೆಂದು ನೋಡುವುದು ರೂಢಿಯಾಗಿದ್ದಿತು. ಮೊದಲು ಚರ್ಮ ಕೆಂಪೇರಿ ಬಿರಿಯಿತು, ಬಳಿಕ ಮಾಯದ ಹುಣ್ಣಾಯಿತು, ಕಡೆಗೆ ಬೆರಳುಗಳನ್ನೂ ತೋಳುಗಳನ್ನೂ ಕತ್ತರಿಸಬೇಕಾಯಿತು. ಎಡಿಸನ್ನನ ಸಹಾಯಕನಾದ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಹೀಗೆಯೇ ತೀರಿಕೊಂಡನು. 1936ರಲ್ಲಿ ಹ್ಯಾಂಬರ್ಗಿನಲ್ಲಿ ನಿಲ್ಲಿಸಿದ ಸ್ಮಾರಕಶಿಲೆಯಲ್ಲಿ ಇಂಥವರ ಹೆಸರುಗಳು 169 ಇದ್ದುವು.

ಪಟ್ಟಣದ ಆಸ್ಪತ್ರೆಯಲ್ಲಿ ಈ ಕಿರಣಕ್ಕೆ ಇಟ್ಟಿಗೆಯ ದಪ್ಪ ಗೋಡೆಯುಂಟು, ಸೀಸದ ತಗಡು ಹೊದಿಸಿದ ಬಾಗಿಲುಂಟು. ಯುದ್ಧದ ಮುಂಚೂಣಿಯಲ್ಲಿ ಆಸ್ಪತ್ರೆಯಾಗಿ ಹೂಡಿದ ಡೇರೆಯಲ್ಲಿ ಇವೊಂದೂ ಇಲ್ಲ. ಬಟ್ಟೆಯ ಗೋಡೆಯನ್ನು ಕಿರಣವು ಅದು ಇಲ್ಲವೇ ಇಲ್ಲವೆಂಬಂತೆ ದಾಟಿ, ಪಕ್ಕದ ಡೇರೆಯಲ್ಲಿ ಮಲಗಿದವನನ್ನೂ ಮುಟ್ಟುವುದು. ಆದಕಾರಣ ಅಲ್ಲಿ ಮೊದಲ ಗೋಡೆಯೆಂದರೆ ದೂರವೇ. ಒಂದು ಮೀಟರಿನಲ್ಲಿ ನಿಂತವನು ಎರಡು ಮೀಟರಿಗೆ ಸರಿದರೆ ಅವನಿಗೆ ತಗಲುವ ಕಿರಣ ಕಾಲುಭಾಗಕ್ಕಿಳಿಯುವುದು, ಮೂರಕ್ಕೆ ಸರಿದರೆ ಒಂಬತ್ತರಲ್ಲೊಂದು ಪಾಲು. ಮರಳಿನ ಮೂಟೆಗಳನ್ನು ಒಟ್ಟಿದರೆ ಅದೂ ಆಸರೆಯೇ. ಟ್ಯೂಬಿನ ಬಾಯನ್ನು ಜನವಿಲ್ಲದ ಬಯಲಿನ ಕಡೆಗೆ ತಿರುಗಿಸಿ ಡೇರೆ ಹೂಡುವುದಂತೂ ಖರ್ಚಿಲ್ಲದ ಉಪಾಯ.

ಇಷ್ಟನ್ನೂ ಬಲ್ಲವನು ಎಡವುವುದು ಬೇರೊಂದೆಡೆ. ನೋವಿನಿಂದ ಹೊರಳಾಡುವ ಸೈನಿಕನನ್ನು ಅಲುಗದಂತೆ ಹಿಡಿದುಕೊಳ್ಳಬೇಕಾದಾಗ ಕೈಗೆ ಸಿಗುವವನು ಯಂತ್ರವನ್ನು ನಡೆಸುವ ಅದೇ ತಂತ್ರಜ್ಞ. ಅಲುಗಿ ಕೆಟ್ಟ ಚಿತ್ರವನ್ನು ಮರಳಿ ತೆಗೆಯಬೇಕಾದಾಗ ನಿಲ್ಲುವವನೂ ಅವನೇ. ರೋಗಿಯ ಶರೀರವೇ ಕಿರಣವನ್ನು ಸುತ್ತಲೂ ಚದರಿಸುವುದು. ಒಂದು ಮೀಟರು ಪಕ್ಕಕ್ಕೆ ಅದು ಸುಮಾರು ಸಾವಿರದಲ್ಲೊಂದು ಪಾಲಾದರೂ, ಗಾಯಾಳುಗಳು ಒಬ್ಬರ ಹಿಂದೊಬ್ಬರು ಬರುತ್ತಿರುವಾಗ ಆ ಪಾಲು ಕೂಡುತ್ತಲೇ ಹೋಗುವುದು. ಮರಳಿನ ಚೀಲದಿಂದಲೋ ಪಟ್ಟಿಯಿಂದಲೋ ಕೈಕಾಲನ್ನು ಬಿಗಿದು ಮೊದಲ ಸಲಕ್ಕೇ ಒಳ್ಳೆಯ ಚಿತ್ರ ತೆಗೆಯುವ ನೈಪುಣ್ಯಕ್ಕಿಂತ ದೊಡ್ಡ ಕವಚ ಮತ್ತೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಹಿಡಿಯಲೇಬೇಕಾದಲ್ಲಿ ಸೀಸದ ಏಪ್ರನ್ ತೊಟ್ಟ ಬೇರೊಬ್ಬನು, ನೇರ ಕಿರಣದ ಹೊರಗೆ ನಿಂತು ಹಿಡಿಯಲಿ, ಸರದಿಯೂ ಬದಲಾಗಲಿ.

ನಮ್ಮ ದೇಶದಲ್ಲಿ ಇಂಥ ಕೆಲಸಗಾರನ ಮೈಗೆ ತಗಲಬಹುದಾದ ಕಿರಣಕ್ಕೆ ವಿಧಿಸಿರುವ ಮಿತಿ, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್; ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರತಕ್ಕದ್ದಲ್ಲ. ಹಾಗೆ ತಗಲಿದ ಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜು ನೋಡಲು ಅಲ್ಪವಸ್ತು. ಅಲ್ಯೂಮಿನಿಯಂ ಫಲಕದ ಮೇಲೆ ಮೂರು ಪುಟ್ಟ ಬಿಲ್ಲೆಗಳು. ತಗಲಿದ ಕಿರಣದ ಲೆಕ್ಕವನ್ನು ತಮ್ಮೊಳಗೇ ಹಿಡಿದಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಕಾಯಿಸಿದಾಗ ಬೆಳಕಾಗಿ ಅದನ್ನು ಒಪ್ಪಿಸುವುವು. ಏಪ್ರನ್ನಿನ ಒಳಗೆ, ಎದೆಯ ಮೇಲೆ ಅದನ್ನು ಧರಿಸತಕ್ಕದ್ದು. ಗೋಡೆಯ ಮೊಳೆಗೆ ತೂಗುಹಾಕಿದ ಬ್ಯಾಡ್ಜು ಮೊಳೆಯ ಲೆಕ್ಕವನ್ನು ಹೇಳೀತೇ ಹೊರತು ಮನುಷ್ಯನದನ್ನಲ್ಲ! ಅದು ಕಿರಣವನ್ನು ತಡೆಯುವ ತಾಯಿತವೂ ಅಲ್ಲ.

ದಾಸರಹಳ್ಳಿ, ಬಾಗಲಗುಂಟೆಗಳ ಕಡೆಯಿಂದ ರೇಡಿಯಾಗ್ರಫಿ ಕಲಿತು ಸೈನ್ಯಕ್ಕೋ ನರ್ಸಿಂಗ್ ಹೋಮಿಗೋ ಸೇರುವ ತರುಣ ತರುಣಿಯರಿಗೆ ನನ್ನ ವಿಜ್ಞಾಪನೆಯಿಷ್ಟೆ: ಕೆಲಸಕ್ಕೆ ಸೇರಿದ ದಿನವೇ ನಿಮ್ಮ ಹೆಸರಿನದೇ ಬ್ಯಾಡ್ಜನ್ನು ಕೇಳಿ ಪಡೆಯಿರಿ, ಅದನ್ನು ಮತ್ತೊಬ್ಬರಿಗೆ ಎರವಲು ಕೊಡಬೇಡಿರಿ, ಮೂರು ತಿಂಗಳಿಗೊಮ್ಮೆ ಬರುವ ವರದಿಯನ್ನು ಕಣ್ಣಾರೆ ಓದಿರಿ.