ಹಿರಿಯರ ನಿತ್ಯಕರ್ಮ ನಿಲ್ಲದಿರಲಿ

ಕುಮಟಾ ತಾಲ್ಲೂಕಿನ ಸಂತೆಗುಳಿಯ ಕಡೆ ಮಳೆಗಾಲ ಬಂತೆಂದರೆ ಮೆಟ್ಟಿಲು, ಅಂಗಳಗಳು ಪಾಚಿಗಟ್ಟುತ್ತವೆ. ಒಮ್ಮೆ ಜಾರಿ ಬಿದ್ದ ಹಿರಿಯರು ಬಸದಿಗೆ ಹೋಗಲೂ ಹೆದರುತ್ತಾರೆ. ಮನೆಯವರು ಸುಮ್ಮನೆ ಕೂರಿಸುತ್ತಾರೆ. ಕೂತಷ್ಟೂ ಕಾಲಿನ ಬಲ ಕುಗ್ಗುತ್ತದೆ.

ಬೀಳುವ ಮೊದಲೇ ಎಚ್ಚರ ವಹಿಸುವುದು ಆಕ್ಯುಪೇಷನಲ್ ಥೆರಪಿಯ ಒಂದು ಭಾಗ. ಥೆರಪಿಸ್ಟರು ಹಿರಿಯರ ದಿನಚರಿ ಕೇಳಿ, ಅವರ ಕೆಲಸಗಳು ಮುಂದುವರಿಯುವಂತೆ ಮನೆಯನ್ನೂ ಅಭ್ಯಾಸವನ್ನೂ ಹೊಂದಿಸಿಕೊಡುತ್ತಾರೆ: ಬಚ್ಚಲಿನಲ್ಲಿ ಹಿಡಿಕೆ, ಮೆಟ್ಟಿಲಿಗೆ ಕಂಬಿ, ರಾತ್ರಿ ದೀಪ, ಮಂಡಿನೋವಿದ್ದವರಿಗೆ 48 ನಿಮಿಷದ ಸಾಮಾಯಿಕಕ್ಕೆ ಕುರ್ಚಿ.

ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 60 ಮತ್ತು ಮೇಲ್ಪಟ್ಟ ವಯಸ್ಸಿನ 361 ಜನರ ಅಧ್ಯಯನ 1997ರಲ್ಲಿ ಪ್ರಕಟವಾಯಿತು. 9 ತಿಂಗಳು ಇಂಥ ಮಾರ್ಗದರ್ಶನ ಪಡೆದವರು, ಬರೀ ಕೂಟಗಳಲ್ಲಿ ಸೇರಿದವರಿಗಿಂತ ಚೆನ್ನಾಗಿದ್ದರು.

ನಮ್ಮ ಕರಾವಳಿಯಲ್ಲಿ ಈ ವಿಭಾಗ ಮಣಿಪಾಲದಲ್ಲಿದೆ. ಈ ಮಳೆಗಾಲಕ್ಕೆ ಮೊದಲು ಪಾಚಿ ಉಜ್ಜಿಸಿ, ಕಂಬಿ ಹಾಕಿಸಿ. ಹಿರಿಯರು ಬಸದಿಗೆ ನಡೆದೇ ಹೋಗಲಿ.

ಜೈ ಜಿನೇಂದ್ರ.