ಹಳೆ ಕಾರು ಸ್ಟಾರ್ಟ್ ಆಗದಿದ್ದರೆ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಸುರಿಯಬಹುದೇ?

ಹೇಳಿಕೆ: ಬಹಳ ದಿನ ನಿಂತ ಹಳೆ ಪೆಟ್ರೋಲ್ ಕಾರು ಸ್ಟಾರ್ಟ್ ಆಗದಿದ್ದರೆ ಕಾರ್ಬ್ಯುರೇಟರ್‌ಗೆ ಸ್ವಲ್ಪ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯಿರಿ. ಅದಕ್ಕೂ ಆಗದಿದ್ದರೆ ತಳ್ಳಿ.

ವಾಸ್ತವ: ಇದು ಅರ್ಧ ಸತ್ಯ. ಆದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಪೂರ್ತಿ ನಿಜ.

ಈ ಸಲಹೆ ಹುಟ್ಟಿದ್ದು ಹೇಗೆ?

ಕಾರು ವಾರಗಟ್ಟಲೆ ನಿಂತರೆ ಕಾರ್ಬ್ಯುರೇಟರ್‌ನಲ್ಲಿದ್ದ ಪೆಟ್ರೋಲ್ ಆವಿಯಾಗುತ್ತದೆ. ಅದಕ್ಕೇ ಕೆಲವು ಹನಿ ಹಾಕುವ ರೂಢಿ ಬಂತು. ಆದರೆ ಸೆಲ್ಫ್ ಹೊಡೆದಾಗ ಎಂಜಿನ್ ಹಿಮ್ಮುಖವಾಗಿ ಜ್ವಾಲೆ ಉಗುಳಬಹುದು. ಕೈಯಲ್ಲಿ ಪೆಟ್ರೋಲ್ ಬಾಟಲಿ ಇದ್ದರೆ ಕ್ಷಣದಲ್ಲಿ ಅನಾಹುತ. ಚೋಕ್ ಎಳೆದು ಕೆಲವು ಬಾರಿ ಸೆಲ್ಫ್ ಹೊಡೆದರೆ ಪಂಪೇ ಪೆಟ್ರೋಲ್ ತರುತ್ತದೆ.

ಇನ್ನೊಂದು ವಿಷಯ. 1983ರಲ್ಲಿ ಬಂದ ಮಾರುತಿ 800ರ ಹಳೆ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಇತ್ತು. ನಂತರದವು ಎಂಪಿಎಫ್‌ಐ, ಅಂದರೆ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುತ್ತದೆ. ಅಲ್ಲಿ ಸುರಿಯಲು ಕಾರ್ಬ್ಯುರೇಟರೇ ಇಲ್ಲ!

ಮೊದಲು ಸದ್ದು ಕೇಳಿ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಹತ್ತಿರ, ಸೂಳೆಕೆರೆಯ ರಸ್ತೆಯಲ್ಲಿ ಕಾರು ನಿಂತಿತು ಎಂದುಕೊಳ್ಳಿ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಕೀ ತಿರುಗಿಸಿ ಕೇಳಿ.

• ಟಕ್ ಟಕ್ ಎಂದು ಬಡಿದು, ಲೈಟ್ ಮಂಕಾದರೆ: ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ. ನೀರು ಬ್ಯಾಟರಿ ಒಳಗೆ ಹೋಗಬಾರದು.
• ಲೈಟ್ ಚೆನ್ನಾಗಿದ್ದು ಒಂದೇ ಟಕ್ ಕೇಳಿದರೆ: ಸ್ಟಾರ್ಟರ್ ಮೋಟಾರ್ ಮೇಲೆ ಅನುಮಾನ.
• ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ: ಪೆಟ್ರೋಲ್ ಬರುತ್ತಿಲ್ಲ ಅಥವಾ ಪ್ಲಗ್‌ನಲ್ಲಿ ಕಿಡಿ ಇಲ್ಲ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಪ್ಲಗ್ ಒದ್ದೆಯಾಗಿರಬಹುದು. ಬಾನೆಟ್ ತೆರೆದು ಹತ್ತು ನಿಮಿಷ ಬಿಡಿ. ಇಲ್ಲಿ ಪೆಟ್ರೋಲ್ ಸುರಿದರೆ ತೊಂದರೆ ಹೆಚ್ಚುತ್ತದೆ.

ಸೆಲ್ಫ್ ಒಮ್ಮೆಗೆ 10 ಸೆಕೆಂಡ್ ಮೀರಬೇಡಿ. ನಡುವೆ ಅರ್ಧ ನಿಮಿಷ ಬಿಡಿ.

ತಳ್ಳಬಹುದೇ? ಬೇರೆ ಬ್ಯಾಟರಿ?

ಬ್ಯಾಟರಿ ಇಳಿದ ಮ್ಯಾನುಯಲ್ ಗೇರ್ ಕಾರನ್ನು ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಕೀ ಆನ್ ಇರಲಿ, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗಬಹುದು. ಬ್ರೇಕ್ ಗಟ್ಟಿಯಾಗಿರುತ್ತದೆ, ಇಳಿಜಾರಿನಲ್ಲಿ ಬೇಡ. ಆಟೋಮ್ಯಾಟಿಕ್ ಕಾರಿಗೆ ಇದು ನಡೆಯುವುದಿಲ್ಲ.

ಜಂಪರ್ ವೈರ್ ಹಾಕುವುದಾದರೆ: ಕೆಂಪು ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ನಂತರ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಇಳಿದ ಕಾರಿನ ಎಂಜಿನ್‌ನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕಿಡಿ ತಗುಲಿದರೆ ಅದು ಸಿಡಿಯಬಹುದು. ಬೀಡಿ, ಸಿಗರೇಟ್ ದೂರವಿರಲಿ. ತೆಗೆಯುವಾಗ ಉಲ್ಟಾ ಕ್ರಮ.

ನಮ್ಮ ತೀರ್ಮಾನ: ಪೆಟ್ರೋಲ್ ಸುರಿಯುವ ಸಲಹೆ ಅಪಾಯಕಾರಿ. ಗುಂಪಿನಲ್ಲಿ ಬಂದರೆ ಮುಂದಕ್ಕೆ ಕಳಿಸಬೇಡಿ. ಕೀ ತಿರುಗಿಸಿದಾಗ ಕೇಳಿದ ಸದ್ದನ್ನು ಮೆಕ್ಯಾನಿಕ್‌ಗೆ ಹೇಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.